ಬೆಳಗಾವಿಯಲ್ಲಿ ಅಂಗಡಿ: ಹಳೇ ಪೇಟೆಯೋ, ಸ್ಮಾರ್ಟ್ ರಸ್ತೆಯೋ, ಪಾಲಿಕೆ ಮಳಿಗೆಯೋ?

ಬಟ್ಟೆ ಅಂಗಡಿ ಹಾಕುವವರು ಮೊದಲು ನೋಡಬೇಕಾದದ್ದು ಬಾಡಿಗೆ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ನಗರಗಳ ಪಟ್ಟಿಗೆ ಬೆಳಗಾವಿ ಸೇರಿತು. ಈ ಯೋಜನೆಯಲ್ಲಿ ರಸ್ತೆ ಸುಧಾರಿಸಿದಾಗ ಲಾಭ ಮೊದಲು ಕಟ್ಟಡದ ಮಾಲೀಕರಿಗೆ: ಜಾಗದ ಬೆಲೆ ಏರುತ್ತದೆ, ಕರಾರು ಮುಗಿದ ಕೂಡಲೇ ಬಾಡಿಗೆಯೂ ಏರುತ್ತದೆ. ಆದ್ದರಿಂದ ಸ್ಮಾರ್ಟ್ ರಸ್ತೆಯಲ್ಲಿ 11 ತಿಂಗಳ ಕರಾರು ಬೇಡ. ಐದು ವರ್ಷಕ್ಕೆ ಮಾಡಿ, ವರ್ಷಕ್ಕೆ ಶೇಕಡಾ ಎಷ್ಟು ಏರಿಕೆ ಎಂದು ಬರೆಸಿ, ನೋಂದಣಿ ಮಾಡಿಸಿ.

ಗಿರಾಕಿಗಳ ಓಡಾಟದಲ್ಲಿ ಹಳೇ ಪೇಟೆಯ ಖಡೇಬಜಾರ್, ಗಣಪತಿ ಗಲ್ಲಿಗಳದೇ ಮೇಲುಗೈ. ಹಳ್ಳಿಯಿಂದ ಮದುವೆ ಜವಳಿಗೆ ಬಂದವರು ನೇರ ಅಲ್ಲಿಗೇ ಹೋಗುತ್ತಾರೆ. ಅಪಾಯ ರಸ್ತೆ ಅಗಲೀಕರಣದ್ದು. ಜಾಗ ಬಿಟ್ಟ ಮಾಲೀಕರಿಗೆ ಟಿಡಿಆರ್ (ಬಿಟ್ಟ ಜಾಗಕ್ಕೆ ಬದಲಾಗಿ ಬೇರೆಡೆ ಹೆಚ್ಚು ಕಟ್ಟುವ, ಇಲ್ಲವೇ ಮಾರಬಹುದಾದ ಹಕ್ಕು) ಸಿಗಬಹುದು, ಬಾಡಿಗೆದಾರರಿಗೆ ಅದರಲ್ಲಿ ಪಾಲಿಲ್ಲ. ಒಳಚರಂಡಿಗೆ ಅಗೆದರೆ ದೂಳಿಗೆ ಸೀರೆ ಹಾಳು, ಬೈಕ್ ನಿಲ್ಲಿಸಲೂ ಜಾಗವಿಲ್ಲ. ನಾಲ್ಕು ತಿಂಗಳ ಬಾಡಿಗೆ ಕೈಯಲ್ಲಿರಲಿ.

ಪಾಲಿಕೆ ಮಳಿಗೆ ಹರಾಜಿನಲ್ಲಿ ಸಿಗುತ್ತದೆ. ಠೇವಣಿ ಹಣ ಸಿಕ್ಕಿಬೀಳುತ್ತದೆ. ಮೇಲಿನ ಮಹಡಿಗೆ ಗಿರಾಕಿ ಹತ್ತುವುದು ಕಡಿಮೆ. ಬಿಡ್ ಹಾಕುವ ಮುಂಚೆ ಶನಿವಾರ ಸಂಜೆ ಮೆಟ್ಟಿಲ ಬಳಿ ನಿಂತು ಎಣಿಸಿ. ಎದುರಿನ ಬೀದಿ ವ್ಯಾಪಾರಿಗಳನ್ನು ಎಬ್ಬಿಸಿದರೆ ಒಳಗಿನ ಅಂಗಡಿಗೂ ಪೆಟ್ಟು, ಏಕೆಂದರೆ ಜನ ನಿಲ್ಲುವುದೇ ಅವರ ಗಾಡಿಗಳ ಬಳಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಂತೆ, ವ್ಯಾಪಾರದ ಪ್ರಮಾಣಪತ್ರ ಇರುವವರನ್ನು ಎಬ್ಬಿಸುವ ಮುಂಚೆ 30 ದಿನಗಳ ನೋಟಿಸ್ ಕೊಡಬೇಕು.

ಸೀರೆ, ಜವಳಿಗೆ ಹಳೇ ಪೇಟೆ ವಾಸಿ. ಕಾರಿನಲ್ಲಿ ಬರುವ ಗಿರಾಕಿ, ರೆಡಿಮೇಡ್ ಮಾಲು ಇದ್ದರೆ ಸ್ಮಾರ್ಟ್ ರಸ್ತೆ. ಹೊಲಿಗೆ, ಫಾಲ್ಸ್ ಕೆಲಸದವರಿಗೆ ಖಾಯಂ ಗಿರಾಕಿಗಳಿದ್ದರೆ ಪಾಲಿಕೆ ಮಹಡಿಯೂ ನಡೆಯುತ್ತದೆ.