ಕೊತ್ತಂಬರಿ ಸೊಪ್ಪು: ಕವರೋ, ನೀರಿನ ಲೋಟವೋ, ಡಬ್ಬಿಯೋ?

ಒಂದೇ ಅಂಗಡಿಯಲ್ಲಿ ಒಂದೇ ಹೊತ್ತಿಗೆ ತಂದ ಕೊತ್ತಂಬರಿ ಸೊಪ್ಪನ್ನು ಮೂರು ಪಾಲು ಮಾಡಿದೆ. ಒಂದು ಪಾಲು ತಂದ ಪ್ಲಾಸ್ಟಿಕ್ ಕವರಿನಲ್ಲೇ ಫ್ರಿಜ್ ಸೇರಿತು. ಇನ್ನೊಂದು ನೀರಿನ ಲೋಟಕ್ಕೆ, ಮತ್ತೊಂದು ಬಟ್ಟೆ ಹಾಸಿದ ಸ್ಟೀಲ್ ಡಬ್ಬಿಗೆ. ಹೀಗೆ ಬೇಸಿಗೆಯಲ್ಲೂ ಮಾಡಿದೆ, ಮಳೆಗಾಲದಲ್ಲೂ ಮಾಡಿದೆ. ಎರಡು ಸಲವೂ ಗೆದ್ದದ್ದು ಡಬ್ಬಿಯೇ.

ಮೊದಲು ಸೋತದ್ದು ಕವರ್. ಸೊಪ್ಪು ಮಾರುವವರು ನೀರು ಚಿಮುಕಿಸಿಯೇ ಇಟ್ಟಿರುತ್ತಾರೆ ಅಲ್ವಾ? ಗಂಟು ಹಾಕಿದ ಕವರಿನಲ್ಲಿ ಆ ನೀರು ಹೋಗುವುದೆಲ್ಲಿಗೆ? ಒಳಗೇ ಹನಿಗಟ್ಟಿ ಮತ್ತೆ ಎಲೆ ಮೇಲೆ ಇಳಿಯುತ್ತದೆ. ಎರಡು ಮೂರು ದಿನ ಹೊರಗಿನಿಂದ ಎಲ್ಲ ಹಸಿರಾಗೇ ಕಾಣುತ್ತದೆ. ಕಟ್ಟು ಬಿಚ್ಚಿದರೆ ನಡುವಿನ ಎಲೆಗಳು ಕಪ್ಪಾಗಿ, ಬೆರಳಿಗೆ ಲೋಳೆ ಅಂಟುತ್ತದೆ. ಅಲ್ಲಿಂದ ಮುಂದೆ ಪೂರ್ತಿ ಕಟ್ಟು ಕೊಳೆಯಲು ಜಾಸ್ತಿ ಹೊತ್ತು ಬೇಡ.

ನೀರಿನ ಲೋಟದ ಸೊಪ್ಪು ನೋಡೋಕೆ ಎಲ್ಲಕ್ಕಿಂತ ಚೆಂದ. ಬೇರಿನ ಮಣ್ಣು ತೊಳೆದು, ಬೇರು ಮುಳುಗುವಷ್ಟೇ ನೀರಿನಲ್ಲಿ ನಿಲ್ಲಿಸಿ, ಮೇಲೆ ಒಂದು ಕವರನ್ನು ಸಡಿಲವಾಗಿ ಹೊದಿಸಬೇಕು. ಫ್ರಾಸ್ಟ್ ಫ್ರೀ, ಅಂದರೆ ಐಸ್ ಕಟ್ಟದ ಫ್ರಿಜ್ಜಿನಲ್ಲಿ ಫ್ಯಾನ್ ಗಾಳಿ ಓಡಾಡುತ್ತಿರುತ್ತದೆ. ಹೊದಿಕೆ ಇಲ್ಲದಿದ್ದರೆ ಎಲೆ ಬೇಗ ಬಾಡುತ್ತದೆ. ತೊಂದರೆ ಇರುವುದು ಜಾಗದ್ದು. ಹಾಲಿನ ಪಾತ್ರೆ, ದೋಸೆ ಹಿಟ್ಟು, ನಿನ್ನೆಯ ಹುಳಿ ಇಷ್ಟೆಲ್ಲದರ ನಡುವೆ ಎತ್ತರದ ಲೋಟ ಎಲ್ಲಿ ನಿಲ್ಲಬೇಕು? ಬಾಗಿಲಿನ ತಟ್ಟೆಯಲ್ಲಿ ಜಾಗ ಸಿಗುತ್ತದೆ, ಆದರೆ ಫ್ರಿಜ್ಜಿನಲ್ಲಿ ಹೆಚ್ಚು ಬೆಚ್ಚಗಿರುವ ಜಾಗವೇ ಅದು. ಒಂದು ದಿನ ಬಿಟ್ಟು ಒಂದು ದಿನ ನೀರು ಬದಲಿಸದಿದ್ದರೆ ಬೇರು ನಾರುತ್ತದೆ. ಬೇರು ಕತ್ತರಿಸಿದ ಸೊಪ್ಪಾದರೆ ನಾನು ಈ ದಾರಿಗೇ ಹೋಗುವುದಿಲ್ಲ.

ಡಬ್ಬಿಗೆ ಶುರುವಿನಲ್ಲಿ ಸ್ವಲ್ಪ ಕೆಲಸ ಇದೆ. ಸೊಪ್ಪನ್ನು ತೊಳೆಯಬಾರದು. ಪೇಪರ್ ಮೇಲೆ ಹರಡಿ, ಫ್ಯಾನ್ ಕೆಳಗೆ ಅರ್ಧ ಗಂಟೆ ಬಿಟ್ಟು, ಹಳದಿ ಎಲೆ ಆರಿಸಿ, ಬೇರು ಕತ್ತರಿಸಬೇಕು. ಹಳೇ ಪಂಚೆಯ ತುಂಡನ್ನು ತಳಕ್ಕೆ ಹಾಸಿ, ಸೊಪ್ಪನ್ನು ಒತ್ತದೆ ಇಟ್ಟು, ಮೇಲೂ ಅದೇ ಬಟ್ಟೆ ಮಡಚಿ ಮುಚ್ಚಳ ಹಾಕಿದರೆ ಮುಗಿಯಿತು. ಎಲೆ ಬಿಡುವ ನೀರನ್ನು ಬಟ್ಟೆ ಹೀರಿಕೊಳ್ಳುತ್ತದೆ, ಒಳಗಿನ ಗಾಳಿಯ ತೇವ ಮಾತ್ರ ಉಳಿಯುತ್ತದೆ. ಸೊಪ್ಪಿಗೆ ಬೇಕಾದದ್ದೂ ಅದೇ: ಸುತ್ತ ತೇವ ಇರಬೇಕು, ಮೈಮೇಲೆ ನೀರು ಇರಬಾರದು. ಬಟ್ಟೆ ಒದ್ದೆ ಅನಿಸಿದಾಗ ಬದಲಿಸಿದರೆ ವಾರ ದಾಟಿದರೂ ಕೋಸಂಬರಿಗೆ ಹಾಕುವಷ್ಟು ಚೆನ್ನಾಗಿರುತ್ತದೆ. ಬಟ್ಟೆ ಬದಲು ನ್ಯೂಸ್‌ಪೇಪರ್ ಸುತ್ತುವವರಿದ್ದಾರೆ. ಅದರ ಶಾಯಿ ಆಹಾರಕ್ಕೆ ಹತ್ತುತ್ತದೆ, ಅದಕ್ಕೇ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಕೂಡ ಬೇಡ ಅನ್ನುತ್ತದೆ. ಅರ್ಧ ಗಂಟೆ ಹರಡುವುದಕ್ಕೂ ಅಚ್ಚಾಗದ ಬಿಳಿ ಹಾಳೆಯೇ ಇರಲಿ.

ಯಾವ ಥರ ಇಟ್ಟರೂ ಸೇಬು, ಟೊಮೇಟೊ, ಮಾಗಿದ ಬಾಳೆಹಣ್ಣಿನ ಪಕ್ಕ ಬೇಡ. ಅವು ಬಿಡುವ ಎಥಿಲೀನ್ ಅನಿಲಕ್ಕೆ ಸೊಪ್ಪು ಬೇಗ ಹಳದಿಯಾಗುತ್ತದೆ. ಫ್ಯಾನ್ ಇಲ್ಲದ, ಹಳೇ ಥರದ ಡೈರೆಕ್ಟ್ ಕೂಲ್ ಫ್ರಿಜ್ಜಾದರೆ ಫ್ರೀಜರಿಗೆ ತಾಗಿದ ಚಿಲ್ಲರ್ ತಟ್ಟೆಯ ಕೆಳಗೂ ಇಡಬೇಡಿ. ಎಲೆ ಹೆಪ್ಪುಗಟ್ಟಿ, ಹೊರಗೆ ತೆಗೆದ ಮೇಲೆ ಜೋತುಬೀಳುತ್ತದೆ.

ಹೆಚ್ಚಿ ಫ್ರೀಜರಿನಲ್ಲಿಡುವುದೂ ಒಂದು ದಾರಿ. ಸಾರಿಗೆ, ಚಟ್ನಿಗೆ ಪರವಾಗಿಲ್ಲ. ಮೇಲೆ ಉದುರಿಸೋಕೆ ಬರುವುದಿಲ್ಲ. ಕರಿಬೇವನ್ನು ಕಡ್ಡಿಯಿಂದ ಬಿಡಿಸಿ ಇದೇ ಡಬ್ಬಿ ಪದ್ಧತಿಯಲ್ಲಿ ಇಡುತ್ತೇನೆ, ಅದು ಕೊತ್ತಂಬರಿಗಿಂತ ಇನ್ನೂ ಹೆಚ್ಚು ದಿನ ಬರುತ್ತದೆ.