ಅಮೆರಿಕ ಅಂತರ್ಯುದ್ಧದ ಕನ್ನಡ ಕಾರ್ಡ್ ಪೆಟ್ಟಿಗೆ: ಕೊಳ್ಳಿ, ಆದರೆ ಪೆನ್ನು ಹಿಡಿದೇ ಓದಿ

ಮೈಸೂರಿನ ಮಾನಸಗಂಗೋತ್ರಿ ಸುತ್ತಲಿನ ಜೆರಾಕ್ಸ್ ಅಂಗಡಿಗಳಲ್ಲಿ ಸಿಗುವ 64 ಕಾರ್ಡುಗಳ ಈ ಪೆಟ್ಟಿಗೆ ಯುಪಿಎಸ್‌ಸಿಯಲ್ಲಿ ಇತಿಹಾಸವನ್ನು ಐಚ್ಛಿಕವಾಗಿ ತೆಗೆದುಕೊಂಡು ಕನ್ನಡದಲ್ಲೇ ಉತ್ತರ ಬರೆಯುವವರಿಗಾಗಿ ಮಾಡಿದ್ದು. ಎರಡನೇ ಪತ್ರಿಕೆಯ ಪಠ್ಯಕ್ರಮದಲ್ಲಿ ಅಂತರ್ಯುದ್ಧ, ಲಿಂಕನ್, ಗುಲಾಮಗಿರಿಯ ರದ್ದತಿ ಎಲ್ಲವೂ ಸೇರಿ ಒಂದೇ ಸಾಲು. ಆ ಒಂದು ಸಾಲಿಗೆ 150 ರೂಪಾಯಿ ಕೊಡಬೇಕೇ? ಕೊಡಬಹುದು. ಆದರೆ ಕೈಗೆ ಬಂದ ದಿನವೇ ಕೆಲವು ಕಾರ್ಡು ತಿದ್ದಿಕೊಳ್ಳಬೇಕು.

ಪೆಟ್ಟಿಗೆಯ ಜೀವಾಳ ಇರುವುದು ಯುದ್ಧದ ತಿರುವುಗಳ ಕಾರ್ಡುಗಳಲ್ಲಿ. ಮುಂದೆ ಕದನದ ಹೆಸರು, ದಿನಾಂಕ, ಸೇನಾಪತಿಗಳು. ಹಿಂದೆ ‘ಆಮೇಲೆ ಏನು ಬದಲಾಯಿತು’ ಎಂಬ ಒಂದೇ ಪ್ರಶ್ನೆಗೆ ನಾಲ್ಕೈದು ಸಾಲಿನ ಉತ್ತರ. 1862ರ ಸೆಪ್ಟೆಂಬರ್ 17ರ ಆಂಟೀಟಮ್ ಕಾರ್ಡನ್ನೇ ನೋಡಿ. ಕದನವಾಗಿ ಅದು ಅಧ್ಯಕ್ಷ ಲಿಂಕನ್ ಪಕ್ಷಕ್ಕೆ ಅರೆಬರೆ ಗೆಲುವು, ಬೇರ್ಪಟ್ಟ ದಕ್ಷಿಣದ ಸೇನಾಪತಿ ಲೀ ಸೈನ್ಯ ನದಿ ದಾಟಿ ವರ್ಜೀನಿಯಾಕ್ಕೆ ಮರಳಿತು, ಲಿಂಕನ್ ಕಡೆಯ ಸೇನಾಪತಿ ಮೆಕ್ಲೆಲನ್ ಬೆನ್ನಟ್ಟಲಿಲ್ಲ. ಆದರೆ ಐದೇ ದಿನದಲ್ಲಿ ಲಿಂಕನ್ ಗುಲಾಮರ ವಿಮೋಚನಾ ಘೋಷಣೆಯ ಮೊದಲ ರೂಪ ಹೊರಡಿಸಿದರು. ಯುದ್ಧ ಗುಲಾಮಗಿರಿಯ ಪ್ರಶ್ನೆಯಾದ ಮೇಲೆ ದಕ್ಷಿಣಕ್ಕೆ ಮಾನ್ಯತೆ ಕೊಡುವುದು ಬ್ರಿಟನ್ನಿಗೆ ಕಷ್ಟವಾಯಿತು. ಹತ್ತು ಅಂಕದ ಉತ್ತರಕ್ಕೆ ಬೇಕಾದ ಎಲುಬು ಇದೇ.

ಗೆಟಿಸ್‌ಬರ್ಗ್ ಕದನದ ಜೊತೆಗೆ ವಿಕ್ಸ್‌ಬರ್ಗಿಗೂ ಸಮನಾದ ಜಾಗ ಕೊಟ್ಟಿರುವುದು ಮೆಚ್ಚಬೇಕಾದ್ದು. ನಮ್ಮ ಗೈಡುಗಳು ಮೊದಲನೆಯದನ್ನು ಹೊಗಳಿ ಎರಡನೆಯದನ್ನು ಮರೆಯುತ್ತವೆ. 47 ದಿನದ ಮುತ್ತಿಗೆಯ ನಂತರ 1863ರ ಜುಲೈ 4ರಂದು ವಿಕ್ಸ್‌ಬರ್ಗ್ ಲಿಂಕನ್ ಕಡೆಯ ಸೇನಾಪತಿ ಗ್ರಾಂಟ್‌ಗೆ ಶರಣಾಯಿತು. ಜುಲೈ 9ರಂದು ಪೋರ್ಟ್ ಹಡ್ಸನ್ ಬಿದ್ದದ್ದೇ ಅದರ ದಡದ ಕೊನೆಯ ಕೋಟೆಯೂ ಹೋಗಿ ಮಿಸಿಸಿಪ್ಪಿ ನದಿ ಪೂರ್ತಿ ಕೈತಪ್ಪಿ, ದಕ್ಷಿಣ ಎರಡು ತುಂಡಾಯಿತು. ಅಟ್ಲಾಂಟಾ ಕಾರ್ಡು ಇನ್ನೂ ಚೆನ್ನಾಗಿದೆ. 1864ರ ಆಗಸ್ಟಿನಲ್ಲಿ ಚುನಾವಣೆ ಸೋಲುತ್ತೇನೆಂದು ಲಿಂಕನ್ನರೇ ಬರೆದಿಟ್ಟಿದ್ದರು. ಸೆಪ್ಟೆಂಬರ್ 2ರಂದು ಅವರ ಸೇನಾಪತಿ ಶರ್ಮನ್ ಪಡೆ ಅಟ್ಲಾಂಟಾ ಹಿಡಿಯಿತು, ನವೆಂಬರಿನಲ್ಲಿ ಲಿಂಕನ್ ಗೆದ್ದರು.

ಇನ್ನು ತಪ್ಪುಗಳಿಗೆ ಬರೋಣ. ಹೆಚ್ಚಿನವು ಇತಿಹಾಸದ ತಪ್ಪಲ್ಲ, ಅನುವಾದದ ತಪ್ಪು. ದೊಡ್ಡದು ‘ಒಕ್ಕೂಟ’ ಎಂಬ ಪದ: ಲಿಂಕನ್ ಪಕ್ಷಕ್ಕೂ ಅದೇ, ದಕ್ಷಿಣದ ಅಧ್ಯಕ್ಷ ಜೆಫರ್ಸನ್ ಡೇವಿಸ್ ಪಕ್ಷಕ್ಕೂ ಅದೇ. ಯಾರು ಯಾರನ್ನು ಸೋಲಿಸಿದರೆಂಬುದೇ ಕೆಲವೆಡೆ ತಿಳಿಯುವುದಿಲ್ಲ. ಲಿಂಕನ್ ಕಡೆಗೆ ಒಕ್ಕೂಟ, ಬೇರ್ಪಟ್ಟ 11 ರಾಜ್ಯಗಳಿಗೆ ಕಾನ್ಫೆಡರಸಿ ಎಂದು ಎಲ್ಲ ಕಡೆ ತಿದ್ದಿ. ಬರೀ ಉತ್ತರ–ದಕ್ಷಿಣ ಎಂದರೆ ಸಾಲದು, ಗುಲಾಮಗಿರಿ ಇದ್ದೂ ಒಕ್ಕೂಟದಲ್ಲೇ ಉಳಿದ ಮೇರಿಲ್ಯಾಂಡ್, ಡೆಲವೇರ್, ಕೆಂಟಕಿ, ಮಿಸೂರಿ ಆಗ ಎಲ್ಲಿಗೂ ಸೇರುವುದಿಲ್ಲ.

ಆಂಟೀಟಮ್‌ನಲ್ಲಿ 23 ಸಾವಿರ ಜನ ‘ಸತ್ತರು’ ಎಂದು ಅಚ್ಚಾಗಿದೆ. ಆ ಲೆಕ್ಕದಲ್ಲಿ ಗಾಯಗೊಂಡವರು, ಸೆರೆಸಿಕ್ಕವರು, ಕಾಣೆಯಾದವರೂ ಇದ್ದಾರೆ. ಅಂದು ರಣರಂಗದಲ್ಲೇ ಸತ್ತವರು ಸುಮಾರು 3,600. ಗೆಟಿಸ್‌ಬರ್ಗಿನ 51 ಸಾವಿರಕ್ಕೂ ಇದೇ ತಿದ್ದುಪಡಿ. ಹಾಗೆಯೇ ಬುಲ್ ರನ್, ಮನಾಸಸ್ ಎಂದು ಎರಡು ಕಾರ್ಡು ಮಾಡಿದ್ದಾರೆ, ಕದನ ಮಾತ್ರ ಒಂದೇ. ಒಕ್ಕೂಟದವರು ಹತ್ತಿರದ ಹಳ್ಳದ ಹೆಸರಿಡುತ್ತಿದ್ದರು, ಎದುರು ಪಕ್ಷದವರು ಊರಿನ ಹೆಸರು. ಆಂಟೀಟಮ್ ಅವರ ಬಾಯಲ್ಲಿ ಶಾರ್ಪ್ಸ್‌ಬರ್ಗ್.

ಜಾನ್ಸನ್ ಗೋಜಲು ಬೇರೆ ಇದೆ. 1862ರ ಏಪ್ರಿಲಿನಲ್ಲಿ ಶೈಲೋ ಕದನದಲ್ಲಿ ಮಡಿದದ್ದು ಆಲ್ಬರ್ಟ್ ಸಿಡ್ನಿ ಜಾನ್ಸ್‌ಟನ್, 1865ರ ಏಪ್ರಿಲ್ 26ರಂದು ಶರ್ಮನ್‌ಗೆ ಶರಣಾದದ್ದು ಜೋಸೆಫ್ ಜಾನ್ಸ್‌ಟನ್, ಲಿಂಕನ್ ನಂತರ ಅಧ್ಯಕ್ಷರಾದದ್ದು ಆಂಡ್ರೂ ಜಾನ್ಸನ್. ಪೆಟ್ಟಿಗೆಯಲ್ಲಿ ಮೂವರೂ ‘ಜಾನ್ಸನ್’. ಸತ್ತವರು ಶರಣಾಗುತ್ತಾರೆ, ಶರಣಾದವರು ಅಧ್ಯಕ್ಷರಾಗುತ್ತಾರೆ!

ನಿಜವಾದ ಇತಿಹಾಸದ ತಪ್ಪು ಒಂದೇ, ಆದರೆ ಅಂಕ ಕಳೆಯುವಂಥದ್ದು. 1863ರ ಜನವರಿ 1ರ ಘೋಷಣೆಯಿಂದ ‘ಎಲ್ಲ ಗುಲಾಮರೂ ಬಿಡುಗಡೆಯಾದರು’ ಎಂದಿದೆ. ಇಲ್ಲ. ಅದು ಬಂಡೆದ್ದ ಪ್ರದೇಶಗಳಿಗೆ ಮಾತ್ರ ಅನ್ವಯಿಸುವ ಯುದ್ಧಕಾಲದ ಆದೇಶ. ಮೇಲೆ ಹೇಳಿದ ನಾಲ್ಕು ರಾಜ್ಯಗಳು ಅದರ ಹೊರಗಿದ್ದವು. ದೇಶಾದ್ಯಂತ ಗುಲಾಮಗಿರಿ ರದ್ದಾದದ್ದು 13ನೇ ತಿದ್ದುಪಡಿಯಿಂದ, 1865ರ ಡಿಸೆಂಬರ್ 6ರಂದು ಅದಕ್ಕೆ ಬೇಕಾದಷ್ಟು ರಾಜ್ಯಗಳ ಅನುಮೋದನೆ ಸಿಕ್ಕ ಮೇಲೆ.

ವ್ಯಕ್ತಿಗಳ ಕಾರ್ಡು ಪರವಾಗಿಲ್ಲ. ಗುಲಾಮಗಿರಿಯ ವಿರುದ್ಧ ಹೋರಾಡಿದ ಫ್ರೆಡರಿಕ್ ಡಗ್ಲಸ್, ಹ್ಯಾರಿಯೆಟ್ ಟಬ್‌ಮನ್ ಜೊತೆಗೆ, ಚಾರ್ಲ್ಸ್‌ಟನ್ ಬಂದರಿನಿಂದ ಕಾನ್ಫೆಡರಸಿಯ ಹಡಗನ್ನೇ ಹಾರಿಸಿಕೊಂಡು ಬಂದ ರಾಬರ್ಟ್ ಸ್ಮಾಲ್ಸ್‌ಗೂ ಜಾಗ ಸಿಕ್ಕಿದೆ. ಇಲ್ಲದ್ದು ಹತ್ತಿಯ ಕಾರ್ಡು. ಬಂದರುಗಳ ದಿಗ್ಬಂಧನದಿಂದ ಇಂಗ್ಲೆಂಡಿನ ಲ್ಯಾಂಕಷೈರ್ ಮಗ್ಗಗಳಿಗೆ ಅಮೆರಿಕದ ಹತ್ತಿ ನಿಂತದ್ದು, ಧಾರವಾಡ ಸೀಮೆಯ ಹತ್ತಿಗೆ ಬೆಲೆ ಬಂದದ್ದು, ಆ ಹತ್ತಿ ಸಾಗಿಸುವ ಬಂದರಿಗಾಗಿ 1862ರಲ್ಲಿ ಕಾರವಾರದ ಕರಾವಳಿ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿದ್ದು, 1865ರಲ್ಲಿ ಯುದ್ಧ ಮುಗಿದೊಡನೆ ಬೊಂಬಾಯಿ ಷೇರುಪೇಟೆ ಕುಸಿದದ್ದು: ಕನ್ನಡದ ಪೆಟ್ಟಿಗೆಯಲ್ಲೇ ಇದು ಇಲ್ಲದಿದ್ದರೆ ಇನ್ನೆಲ್ಲಿ ಹುಡುಕಬೇಕು? ನಕ್ಷೆಯೂ ಇಲ್ಲ. ವರ್ಜೀನಿಯಾ, ಮಿಸಿಸಿಪ್ಪಿ, ಕಡಲು ಎಂದು ಕಾರ್ಡುಗಳನ್ನು ಮೂರು ಗುಂಪು ಮಾಡಿಟ್ಟರೆ ಆ ಕೊರತೆ ಅರ್ಧ ತೀರುತ್ತದೆ.

ಕಾಗದ ದಪ್ಪಗಿದೆ, ಆದರೆ ಲ್ಯಾಮಿನೇಷನ್ ಮುಂಭಾಗಕ್ಕೆ ಮಾತ್ರ. ಮಳೆಗಾಲದಲ್ಲಿ ಹಿಂಬದಿ ತೇವ ಹೀರಿ ಹಿಗ್ಗುತ್ತದೆ, ಮುಂಬದಿ ಹಿಗ್ಗುವುದಿಲ್ಲ, ಕಾರ್ಡು ದೋಣಿಯಂತೆ ಬಾಗುತ್ತದೆ. ಮೇಲೆ ಭಾರವಿಟ್ಟರೆ ಎರಡು ದಿನ ನೆಟ್ಟಗಿರುತ್ತದೆ, ಅಷ್ಟೇ. ಹಿಂಬದಿಗೂ ಲ್ಯಾಮಿನೇಷನ್ ಹಾಕಿಸುವುದೇ ಉಪಾಯ, ಆದರೆ ತಿದ್ದುಪಡಿ ಮುಗಿದ ಮೇಲೆ. ತಿದ್ದಲು ಬಾಲ್‌ಪೆನ್ ಬಳಸಿ, ಜೆಲ್ ಪೆನ್ ಈ ಕಾಗದದಲ್ಲಿ ಹರಡುತ್ತದೆ. ಮುಂಬದಿಯ ಹೆಸರು ತಿದ್ದಬೇಕಾದಲ್ಲಿ ಚಿಕ್ಕ ಚೀಟಿ ಅಂಟಿಸಿ. ಕೊಳ್ಳುವಾಗ ಅಂಗಡಿಯಲ್ಲೇ 64 ಎಣಿಸಿ. ಕಾರ್ಡುಗಳ ಮೇಲೆ ಕ್ರಮಸಂಖ್ಯೆ ಇಲ್ಲ, ಒಂದು ಕಡಿಮೆಯಿದ್ದರೆ ಯಾವುದೆಂದು ಆಮೇಲೆ ತಿಳಿಯುವುದಿಲ್ಲ.