ಅಡ್ಮಿಟ್ ಆದರೂ ಮಾತ್ರೆ ಡಬ್ಬಿ ನಿಮ್ಮ ಕೈಲೇ ಇರಲಿ

ಮನೆಯಲ್ಲಿ ಪಾರ್ಕಿನ್ಸನ್ ಕಾಯಿಲೆಯವರಿದ್ದರೆ ದಯವಿಟ್ಟು ಪೂರ್ತಿ ಓದಿ. ಏಳು ವರ್ಷದಿಂದ ಕಾಯಿಲೆ ನಮ್ಮ ಮಾವನಿಗೆ ಮಾಡಲಾಗದ್ದನ್ನು ಮಂಡ್ಯದ ಒಂದು ನರ್ಸಿಂಗ್ ಹೋಂನ ಮೂರು ದಿನ ಮಾಡಿಬಿಟ್ಟಿತು. ಹೆಸರು ಹೇಳಲ್ಲ. ಅಲ್ಲಿನವರು ಕೆಟ್ಟವರಲ್ಲ, ಸೊಂಟದ ಮೂಳೆ ಆಪರೇಷನ್ ಚೆನ್ನಾಗಿಯೇ ಮಾಡಿದರು. ಈ ಕಾಯಿಲೆ ವಿಚಾರ ಗೊತ್ತಿರಲಿಲ್ಲ, ಅಷ್ಟೆ. ನಮಗೂ ಅರ್ಧಂಬರ್ಧ ಗೊತ್ತಿತ್ತು.

ಮಾವ ಪಾಂಡವಪುರದ ಹತ್ತಿರ ಆಲೆಮನೆ ನಡೆಸುತ್ತಿದ್ದವರು. ಕೊಪ್ಪರಿಗೆ ಎದುರು ಸುಮ್ಮನೆ ಕೂತಾಗ ಬಲಗೈ ಹೆಬ್ಬೆರಳು ತೋರುಬೆರಳು ತಮ್ಮಷ್ಟಕ್ಕೆ ಬೀಡಿ ಹೊಸೆಯುವ ಹಾಗೆ ಆಡುತ್ತಿದ್ದವು. ಏನಾದರೂ ಎತ್ತಿಕೊಂಡರೆ ನಿಂತುಹೋಗೋದು. ಊರಲ್ಲಿ ವಾಯು ಅಂದರು, ಎಣ್ಣೆ ತಿಕ್ಕಿದೆವು. ಅದು ಕಂಪವಾತ, ಅಂದರೆ ಪಾರ್ಕಿನ್ಸನ್ ಅಂತ ಮೈಸೂರಿನ ನರರೋಗ ಡಾಕ್ಟರು ಹೇಳುವ ಹೊತ್ತಿಗೆ ಎರಡು ವರ್ಷ ಕಳೆದಿತ್ತು.

ಮಿದುಳಿನಲ್ಲಿ ಡೋಪಮಿನ್ ಎಂಬ, ಕೈಕಾಲು ಸರಾಗವಾಗಿ ಆಡಲು ಬೇಕಾದ ರಾಸಾಯನಿಕ ತಯಾರಿಸುವ ಜೀವಕೋಶಗಳು ಸಾಯುತ್ತಾ ಹೋಗುವುದೇ ಈ ಕಾಯಿಲೆ. ಲಂಡನ್ನಿನ ಡಾಕ್ಟರು ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆ ಬಗ್ಗೆ ಬರೆದದ್ದು 1817ರಲ್ಲಿ. ಇವತ್ತಿಗೂ ಆ ಜೀವಕೋಶಗಳ ಸಾವನ್ನು ನಿಲ್ಲಿಸುವ ಔಷಧಿ ಇಲ್ಲ. ಇರುವುದರಲ್ಲಿ ಮುಖ್ಯವಾದದ್ದು ಲೆವೊಡೋಪಾ ಮಾತ್ರೆ. ಅದು ಮಿದುಳಿಗೆ ಹೋಗಿ ಡೋಪಮಿನ್ ಆಗಿ ಕೆಲವು ಗಂಟೆ ಕೆಲಸ ನಡೆಸಿಕೊಡುತ್ತದೆ. ಕಾಯಿಲೆ ಹಳತಾದಷ್ಟೂ ಆ ಗಂಟೆಗಳು ಕಮ್ಮಿ. ನಮ್ಮ ಮಾವನ ಮಾತ್ರೆ ಸಮಯ ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ಅದೂ ಊಟಕ್ಕೆ ಅರ್ಧ ಗಂಟೆ ಮುಂಚೆ, ಯಾಕೆಂದರೆ ಬೇಳೆ, ಮೊಟ್ಟೆಯಲ್ಲಿರುವ ಪ್ರೋಟೀನು ಮಾತ್ರೆಗೆ ಅಡ್ಡ ಬರುತ್ತದೆ. ಸಮಯಕ್ಕೆ ಸರಿಯಾಗಿ ಕೊಟ್ಟರೆ ಎದ್ದು ಹೋಗಿ ಹಸುವಿಗೆ ಹುಲ್ಲು ಹಾಕಿ ಬರೋರು. ಹತ್ತರದ್ದು ಹನ್ನೊಂದಾದರೆ ಹೊಸ್ತಿಲಲ್ಲೇ ಕಾಲು ನೆಲಕ್ಕೆ ಅಂಟಿಕೊಂಡಂತೆ ನಿಂತುಬಿಡೋರು. ಹಾಗೆ ನಿಂತ ಒಂದು ದಿನವೇ ಬಿದ್ದು ಸೊಂಟ ಮುರಿದದ್ದು.

ಅಡ್ಮಿಟ್ ಆದ ತಕ್ಷಣ ಸಿಸ್ಟರ್ ನನ್ನ ಕೈಯಿಂದ ಡಬ್ಬಿ ಇಸ್ಕೊಂಡರು. "ಹೊರಗಿನ ಮಾತ್ರೆ ನೀವು ಕೊಡಂಗಿಲ್ಲಮ್ಮ, ನಮ್ಮ ಟೈಮಿಗೆ ನಾವೇ ಕೊಡ್ತೀವಿ." ಅವರ ಟೈಮು ಬೆಳಿಗ್ಗೆ 8, ಮಧ್ಯಾಹ್ನ 2, ರಾತ್ರಿ 8. ಐದು ಸಲದ್ದು ಮೂರು ಸಲ ಆಯಿತು. ಆಪರೇಷನ್ ದಿನ ಬಾಯಿಗೆ ಏನೂ ಹಾಕಬೇಡಿ ಅಂದರು, ಆವತ್ತು ಅದೂ ಇಲ್ಲ. ನಾನು ಎರಡು ಸಲ ಕೇಳಿದೆ. "ನೀವು ಸೊಸೆ ತಾನೆ? ಮಗನ್ನ ಕರೀರಿ." ಮಗ ಬೆಂಗಳೂರಲ್ಲಿ, ಬಸ್ಸಿನಲ್ಲಿದ್ದರು. ಇಷ್ಟು ವರ್ಷ ದಿನಾ ಹೊತ್ತುಹೊತ್ತಿಗೆ ಮಾತ್ರೆ ಬಿಡಿಸಿ ಬಾಯಿಗೆ ಹಾಕಿದವಳು ನಾನು!

ಸಂಜೆ ವಾಂತಿ ಆಯಿತು, ಒಂದು ಇಂಜೆಕ್ಷನ್ ಕೊಟ್ಟರು. ರಾತ್ರಿ ಗೋಡೆ ಮೇಲೆ ಮಕ್ಕಳು ಓಡಾಡ್ತಿದಾರೆ ಅಂತ ಡ್ರಿಪ್ ಕಿತ್ತುಕೊಂಡರು, ಸುಮ್ಮನಾಗಲಿ ಅಂತ ಇನ್ನೊಂದು ಇಂಜೆಕ್ಷನ್. ಬೆಳಿಗ್ಗೆ ನೋಡಿದರೆ ಮೈಯೆಲ್ಲ ಕೊರಡು. ಮೊಣಕೈ ಮಡಿಸಲು ಹೋದರೆ ತುಕ್ಕು ಹಿಡಿದ ಹಲ್ಲುಚಕ್ರದ ಹಾಗೆ ಕಟಕಟ ಅಂತ ತಡೆತಡೆದು ಬಾಗುತ್ತಿತ್ತು. ಮೈ ಸುಡುವ ಜ್ವರ, ನೀರು ನುಂಗಲು ಆಗಲಿಲ್ಲ, ಕಣ್ಣು ಮಾತ್ರ ನನ್ನ ಕಡೆಗೇ ನೋಡುತ್ತಿದ್ದವು. ಆಪರೇಷನ್ ಸೋಂಕು ಇರಬೇಕು ಅಂತ ಇನ್ನೊಂದು ದಿನ ಕಳೆದರು.

ಮೂರನೇ ದಿನ ಆಂಬುಲೆನ್ಸ್ ಮಾಡಿಕೊಂಡು ಮೈಸೂರಿಗೆ ಕರೆದೊಯ್ದೆವು. ಶ್ರೀರಂಗಪಟ್ಟಣ ದಾಟುವಾಗ ಉಳಿಯೋದು ಅನುಮಾನ ಅಂದುಕೊಂಡೆ. ನಮ್ಮ ಡಾಕ್ಟರು ಕೇಸ್ ಶೀಟ್ ನೋಡಿ ಎರಡು ಹೆಸರಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದರು: ಮೆಟೊಕ್ಲೋಪ್ರಮೈಡ್, ಹ್ಯಾಲೊಪೆರಿಡಾಲ್. ಮೊದಲನೆಯದು ವಾಂತಿಗೆ, ಎರಡನೆಯದು ರಂಪಕ್ಕೆ. ಬೇರೆಯವರಿಗೆ ದಿನನಿತ್ಯ ಕೊಡುವಂಥವೇ. ಆದರೆ ಎರಡೂ ಮಿದುಳಿನಲ್ಲಿ ಡೋಪಮಿನ್ ಕೆಲಸವನ್ನು ತಡೆಯುತ್ತವೆ. ಒಂದು ಕಡೆ ಮಾತ್ರೆ ನಿಲ್ಲಿಸಿದ್ದು, ಇನ್ನೊಂದು ಕಡೆ ಉಳಿದ ಚೂರುಪಾರಿಗೂ ಬೀಗ ಜಡಿದದ್ದು. ಲೆವೊಡೋಪಾ ದಿಢೀರನೆ ನಿಂತರೆ ಬರುವ ಈ ಜ್ವರ, ಬಿಗಿತಕ್ಕೆ ಜೀವವೇ ಹೋಗಬಹುದಂತೆ. ಮೂಗಿನ ಕೊಳವೆಯಲ್ಲಿ ಮಾತ್ರೆ ಅರೆದು ಕೊಟ್ಟು, ಹನ್ನೊಂದು ದಿನಕ್ಕೆ ಮಾತು ಬಂತು. ನಡಿಗೆ ಮೊದಲಿನಂತೆ ಬರಲೇ ಇಲ್ಲ.

ಈಗ ನಾನು ಮಾಡುವುದು ಹೇಳುತ್ತೇನೆ. ಒಂದು ಚೀಟಿ ಲ್ಯಾಮಿನೇಟ್ ಮಾಡಿಸಿದ್ದೇನೆ, ಮೇಲ್ಗಡೆ ಮಾತ್ರೆ ಸಮಯ, ಕೆಳಗೆ ದಪ್ಪಕ್ಷರದಲ್ಲಿ ಕೊಡಬಾರದ ಆ ಎರಡು ಔಷಧಿ ಹೆಸರು. ಇಂಜೆಕ್ಷನ್ ಬಾಟಲಿ ಮೇಲೆ ಕಂಪನಿ ಇಟ್ಟ ಹೆಸರು ದೊಡ್ಡದಾಗಿರುತ್ತದೆ, ಒಳಗಿನ ಔಷಧಿ ಸಣ್ಣಕ್ಷರದಲ್ಲಿ. ಆ ಸಣ್ಣಕ್ಷರವನ್ನು ಓದಿ ಹೇಳಿ ಅಂತ ಸಿಸ್ಟರಿಗೆ ಕೇಳಿ, ಸಿಟ್ಟಾದರೆ ಆಗಲಿ. ಅಡ್ಮಿಟ್ ದಿನವೇ ಡ್ಯೂಟಿ ಡಾಕ್ಟರ ಹತ್ತಿರ "ಮಾತ್ರೆ ಮನೆಯವರೇ ಸಮಯಕ್ಕೆ ಕೊಡುತ್ತಾರೆ" ಅಂತ ಕೇಸ್ ಶೀಟಿನಲ್ಲಿ ಬರೆಸಿ. ಕದ್ದುಮುಚ್ಚಿ ಕೊಡಬೇಡಿ, ಅದು ಇನ್ನೊಂದು ಎಡವಟ್ಟು. ಆಪರೇಷನ್ ಇದ್ದರೆ ಅರಿವಳಿಕೆ ಡಾಕ್ಟರನ್ನು ನೀವೇ ಹುಡುಕಿ ಹೋಗಿ, ಒಂದು ಗುಟುಕು ನೀರಿನಲ್ಲಿ ಈ ಮಾತ್ರೆ ಕೊಡಬಹುದಾ, ನುಂಗಲು ಆಗದಿದ್ದರೆ ಕೊಳವೆಯಲ್ಲಿ ಹೇಗೆ ಅಂತ ಮುಂಚೆಯೇ ಕೇಳಿ. ನಿಧಾನವಾಗಿ ಕರಗುವ ಮಾತ್ರೆಯಾದರೆ ಅರೆಯಬಾರದು, ಅದನ್ನೂ ಕೇಳಿಕೊಳ್ಳಿ. ನಿಮ್ಮ ನರರೋಗ ಡಾಕ್ಟರ ನಂಬರ್ ಆ ಚೀಟಿಯಲ್ಲೇ ಇರಲಿ.

ಇನ್ನೊಂದು ಮಾತು, ಇದಕ್ಕೆ ಸಂಬಂಧವಿಲ್ಲ ಅನ್ನಿಸಿದರೂ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಪಾರ್ಕಿನ್ಸನ್ ಇದೆ. ನಮಗೆ ಅದು ಗೊತ್ತಾದದ್ದು ಮಾವ ವಾಕರ್ ಹಿಡಿದ ಮೇಲೆ. ಅಂಗವಿಕಲರ ಕಾರ್ಡಿಗೆ ಬೇಗ ಅರ್ಜಿ ಹಾಕಿ.

ಚೀಟಿ ಬೇಕಾದವರು ಕೇಳಿ, ಫೋಟೊ ಕಳಿಸುತ್ತೇನೆ. ಇಂಗ್ಲಿಷಿನದು ಆಸ್ಪತ್ರೆಯವರಿಗೆ. ಕನ್ನಡದ್ದು ರಾತ್ರಿ ಕಾವಲಿಗೆ ಕೂರುವ ನಿಮ್ಮ ಮೈದುನನಿಗೋ ನಾದಿನಿಗೋ ಇರಲಿ, ಇಂಜೆಕ್ಷನ್ ಬರೋದು ಅವರ ಹೊತ್ತಿನಲ್ಲೇ.